ಕನ್ನಡಿಯೊಳಗಿನ ಪೆನ್ನು

ಉತ್ತರ ಚೆನ್ನೈನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಹಿಂದೆ ಕೆ. ವಿ. ತಿರುವೆಂಗಡಂ ಎಂಬ ಹೆಸರಾಂತ ಪ್ರಾಧ್ಯಾಪಕರಿದ್ದರು. ರೋಗಿಯ ಹತ್ತಿರ ನಿಂತು, ಮೂಗಿನಿಂದಲೇ ರೋಗದ ಸುಳಿವು ಹಿಡಿಯುವುದನ್ನು ಅವರು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದರು. ಸಕ್ಕರೆ ಕಾಯಿಲೆ ಕೈಮೀರಿದವರ ಉಸಿರಿನಲ್ಲಿ ನೇಲ್ ಪಾಲಿಶ್‌ನಂಥ ಸಿಹಿ ವಾಸನೆ. ಟೈಫಾಯ್ಡ್ ಆದವರಲ್ಲಿ ಆಗತಾನೆ ಒಲೆಯಿಂದ ತೆಗೆದ ಬ್ರೆಡ್ಡಿನ ವಾಸನೆ. ಅವರ ಶಿಷ್ಯರೊಬ್ಬರು ಎಷ್ಟೋ ವರ್ಷಗಳ ನಂತರ ಅಮೆರಿಕದಲ್ಲಿದ್ದು ಬರೆದ ಪುಸ್ತಕದಲ್ಲಿ ಈ ಪಾಠವನ್ನು ಅಕ್ಕರೆಯಿಂದ ನೆನೆದಿದ್ದಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ವಾರ್ಡಿನಲ್ಲಿ ಆ ವಾಸನೆ ಮೊದಲೂ ಇತ್ತು. ವಿದ್ಯಾರ್ಥಿಗಳಿಗೆ ಮೂಗೂ ಇತ್ತು. ಆದರೂ ಅಲ್ಲಿಯವರೆಗೆ ಯಾರಿಗೂ ಅದು ತಿಳಿದಿರಲಿಲ್ಲ. ಮೇಷ್ಟರು ಒಂದು ಪ್ರಶ್ನೆ ಎತ್ತಿದ ಮೇಲೆ ಅದೇ ಗಾಳಿಯಲ್ಲಿ ಹೊಸದೊಂದು ಸುದ್ದಿ ಸಿಕ್ಕಿತು.

ನಾನೂ ಇದೇ ಊರಿನಲ್ಲಿ ಮನಃಶಾಸ್ತ್ರ ಕಲಿಸಿದವನು. ಮಕ್ಕಳ ತಂದೆತಾಯಿ ನನ್ನ ಹತ್ತಿರ ಬಂದು ಹೇಳುವ ಮಾತು ಬಹುಮಟ್ಟಿಗೆ ಒಂದೇ. ‘ಬುದ್ಧಿ ಇದೆ ಸಾರ್, ಗಮನ ಒಂದಿಲ್ಲ.’ ಟಿ. ನಗರದ ಕನ್ನಡದ ಮನೆಯಲ್ಲಿ ಕನ್ನಡದಲ್ಲಿ, ಮೈಲಾಪುರದಲ್ಲಿ ತಮಿಳಿನಲ್ಲಿ, ದೂರು ಅದೇ. ಧಾಟಿ ಹೇಗಿರುತ್ತದೆಂದರೆ, ಗಮನವೆಂಬುದು ಮಗು ತೀರಿಸಬೇಕಾದ ಸಾಲ, ಇಟ್ಟುಕೊಂಡೂ ಕೊಡದೆ ಸತಾಯಿಸುತ್ತಿದೆ ಎಂಬಂತೆ. ಈ ಎಣಿಕೆಯೇ ತಪ್ಪು ಎಂದು ನನಗೆ ಗಟ್ಟಿಯಾಗಿ ಅನಿಸಿದೆ. ಗಮನವನ್ನು ಗದರಿಸಿ ವಸೂಲಿ ಮಾಡಲು ಬರುವುದಿಲ್ಲ; ಅದನ್ನು ಹುಟ್ಟಿಸಬೇಕಾಗುತ್ತದೆ, ಮತ್ತು ಹುಟ್ಟಿಸುವ ಹೊಣೆ ಹೆಚ್ಚಿನ ಮಟ್ಟಿಗೆ ಕಲಿಸುವವರದು. ಮಿದುಳಿನ ಬಗ್ಗೆ ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ತಿಳಿದುಬಂದಿರುವುದು ಈ ಮಾತಿಗೆ ಹೇಗೆ ಒದಗಿಬರುತ್ತದೆ ಎನ್ನುವುದನ್ನು ಇವತ್ತು ಹೇಳಬೇಕೆಂದಿದ್ದೇನೆ.

ತಿರುವೆಂಗಡಂ ಅವರ ಆ ಶಿಷ್ಯರ ಹೆಸರು ವಿ. ಎಸ್. ರಾಮಚಂದ್ರನ್. ಹುಟ್ಟಿದ್ದು 1951ರಲ್ಲಿ. ಸಂವಿಧಾನದ ಕರಡು ಸಮಿತಿಯಲ್ಲಿದ್ದ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇವರ ಅಜ್ಜ. ಸ್ಟಾನ್ಲಿಯಲ್ಲಿ ಎಂ.ಬಿ.ಬಿ.ಎಸ್. ಓದಿದರು. ಇಪ್ಪತ್ತರ ಹರೆಯದಲ್ಲೇ, 1973ರಲ್ಲಿ, ಇಬ್ಬರು ಜೊತೆಗಾರರೊಂದಿಗೆ ಇವರು ಬರೆದ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡು ಕಣ್ಣು ಸೇರಿ ಆಳವನ್ನು ಹೇಗೆ ಕಾಣುತ್ತವೆ ಎಂಬುದು ಅದರ ವಿಷಯ. ಜೊತೆಗಾರರಲ್ಲಿ ಒಬ್ಬರಾದ ಟಿ. ಆರ್. ವಿದ್ಯಾಸಾಗರ್ ಮುಂದೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪ್ರಾಧ್ಯಾಪಕರಾಗಿ ದೃಷ್ಟಿ ಮತ್ತು ಗಮನದ ಮೇಲೆಯೇ ಕೆಲಸ ಮಾಡಿದರು. ಓದಲು ಕಷ್ಟಪಡುವ ಕೆಲವು ಮಕ್ಕಳ ತೊಡಕು ಅಕ್ಷರದ ಸಾಲಿನ ಮೇಲೆ ಗಮನ ಸರಿಯುವ ಬಗೆಯಲ್ಲಿದೆ ಎಂದು ಅವರು ವಾದಿಸುತ್ತಾರೆ. ರಾಮಚಂದ್ರನ್ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಮಾಡಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾದರು. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನಡುವೆಯೂ ಅವರ ಕೈಯಲ್ಲಿದ್ದ ಸಲಕರಣೆ ಒಂದು ಮುಖ ನೋಡುವ ಕನ್ನಡಿ, ಒಂದು ರಟ್ಟಿನ ಡಬ್ಬ. ಕೈ ಕಳೆದುಕೊಂಡವರು ಇಲ್ಲದ ಕೈಯ ನೋವಿನಿಂದ ನರಳುವಾಗ ಕನ್ನಡಿ ಇಟ್ಟು ನೋವು ಇಳಿಸಿದ ಅವರ ಕೆಲಸವನ್ನು ನಿಮ್ಮಲ್ಲಿ ಹಲವರು ಓದಿರಬಹುದು. ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕನ್ನಡಿ ಪ್ರಯೋಗ.

ಪಾರ್ಶ್ವವಾಯು ಹೊಡೆದು ಮಿದುಳಿನ ಬಲಮಗ್ಗುಲಿನ ಪರೈಟಲ್ ಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಎಡಗಡೆಯ ಲೋಕ ಇಲ್ಲದಂತಾಗುತ್ತದೆ. ಕಣ್ಣಿಗೆ ಏನೂ ಆಗಿರುವುದಿಲ್ಲ. ಆದರೂ ತಟ್ಟೆಯ ಬಲ ಅರ್ಧದಲ್ಲಿರುವ ಅನ್ನವನ್ನಷ್ಟೇ ಉಂಡು ಏಳುತ್ತಾರೆ. ಬಲಗಡೆಯ ಕೂದಲನ್ನಷ್ಟೇ ಬಾಚಿಕೊಳ್ಳುತ್ತಾರೆ, ಬಲಗೆನ್ನೆಗಷ್ಟೇ ಪೌಡರ್ ಹಚ್ಚುತ್ತಾರೆ. ಎಡಗಡೆ ಏನೋ ಬಿಟ್ಟುಹೋಗಿದೆ ಎಂಬ ಅನುಮಾನವೂ ಅವರಿಗೆ ಇರುವುದಿಲ್ಲ.

ಇಂಥ ರೋಗಿಯನ್ನು ಕೂರಿಸಿ ರಾಮಚಂದ್ರನ್ ಅವರು ಬಲಗಡೆ ಒಂದು ಕನ್ನಡಿ ಹಿಡಿದರು. ಆ ಕೋನದಲ್ಲಿ ಎಡಗಡೆಯದೆಲ್ಲ ಕನ್ನಡಿಯಲ್ಲಿ ಮೂಡುತ್ತದೆ, ಕನ್ನಡಿಯೋ ರೋಗಿಗೆ ಕಾಣುವ ಬಲಗಡೆಯಲ್ಲಿದೆ. ಇದೇನು ಎಂದು ಕೇಳಿದರೆ ಕನ್ನಡಿ ಎಂದೇ ಉತ್ತರ. ಬುದ್ಧಿಗೆ ಏನೂ ಮಂಕು ಬಡಿದಿಲ್ಲ. ಆಮೇಲೆ ಒಬ್ಬರು ರೋಗಿಯ ಎಡಗಡೆ, ಕೈಗೆಟಕುವಷ್ಟು ಹತ್ತಿರ, ಒಂದು ಪೆನ್ನು ಹಿಡಿದು ನಿಂತರು. ಪೆನ್ನಿನ ಬಿಂಬ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿದೆ. ಆ ಪೆನ್ನು ತೆಗೆದುಕೊಂಡು ಹೆಸರು ಬರೆಯಿರಿ ಎಂದರೆ ನೀವೂ ನಾನೂ ಎಡಕ್ಕೆ ತಿರುಗಿ ತೆಗೆದುಕೊಳ್ಳುತ್ತೇವೆ. ರೋಗಿಯ ಕೈ ನೇರ ಕನ್ನಡಿಗೆ ಹೋಯಿತು. ಗಾಜಿಗೆ ಬೆರಳು ತಾಗಿತು. ಮತ್ತೆ ಚಾಚಿದರು, ಮತ್ತೆ ತಾಗಿತು. ಕನ್ನಡಿಯ ಹಿಂದಕ್ಕೆ ಕೈ ಹಾಕಿ ತಡಕಾಡಿದರು. ಎಲ್ಲಿದೆ ಪೆನ್ನು ಎಂದರೆ ಕನ್ನಡಿಯೊಳಗೆ ಇದೆ, ಸಿಗುತ್ತಿಲ್ಲ ಎಂಬ ಉತ್ತರ. 1997ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದಾಗ ನನಗೆ ಮೈ ಜುಂ ಎಂದಿತು. ಕನ್ನಡಿ ಎಂದರೇನು ಎಂಬ ಜ್ಞಾನವಿದೆ. ಪೆನ್ನು ಬೇಕೆಂಬ ಮನಸ್ಸಿದೆ. ಕೈಗೆ ಶಕ್ತಿಯಿದೆ. ಆದರೆ ಎಡಗಡೆ ಎಂಬ ಜಾಗವೇ ಗಮನದಿಂದ ಅಳಿಸಿಹೋಗಿರುವಾಗ ಪೆನ್ನು ಅಲ್ಲಿರಲು ಹೇಗೆ ಸಾಧ್ಯ?

ಇದಕ್ಕೂ ಮುಂಚೆ, 1978ರಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ ಬಿಸಿಯಾಕ್ ಮತ್ತು ಲುಟ್ಸಾಟಿ ಎಂಬ ಇಬ್ಬರು ಇಂಥದೇ ರೋಗಿಗಳನ್ನು ಕಣ್ಣಿಗೆ ಏನೂ ತೋರಿಸದೆಯೇ ಪರೀಕ್ಷಿಸಿದ್ದರು. ಊರಿನ ದೊಡ್ಡ ಇಗರ್ಜಿಯ ಚೌಕದಲ್ಲಿ, ಇಗರ್ಜಿಗೆ ಎದುರಾಗಿ ನಿಂತಿದ್ದೀರಿ ಎಂದು ಊಹಿಸಿಕೊಂಡು ಸುತ್ತಲಿನ ಕಟ್ಟಡಗಳನ್ನು ಹೇಳಿ ಎಂದರು. ರೋಗಿಗಳು ಬಲಗಡೆಯವನ್ನು ಹೇಳಿದರು, ಎಡಗಡೆಯವನ್ನು ಬಿಟ್ಟರು. ಈಗ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಈ ಕಡೆ ನೋಡುತ್ತಿದ್ದೀರಿ ಎಂದುಕೊಳ್ಳಿ ಎಂದಾಗ, ಆಗ ಬಿಟ್ಟದ್ದೆಲ್ಲ ಸಲೀಸಾಗಿ ಬಾಯಿಗೆ ಬಂತು, ಆಗ ಹೇಳಿದ್ದೆಲ್ಲ ಮರೆಯಾಯಿತು. ಕಪಾಲೀಶ್ವರನ ಗೋಪುರದ ಎದುರು ನಿಂತಂತೆ ಊಹಿಸಿಕೊಂಡ ಮೈಲಾಪುರದ ಅಜ್ಜನಿಗೆ ಒಂದು ಸಾಲಿನ ಅಂಗಡಿಗಳು ಇಲ್ಲವಾಗಿ, ತಿರುಗಿ ನಿಂತಂತೆ ಊಹಿಸಿದ ಕೂಡಲೇ ಅವೇ ಅಂಗಡಿಗಳು ಹೂವು ಹಣ್ಣು ಸಮೇತ ಮರಳಿದರೆ ಹೇಗಿರುತ್ತದೆ ನೋಡಿ. ರೋಗಿಗಳ ನೆನಪಿನಲ್ಲಿ ಎಲ್ಲ ಭದ್ರವಾಗಿತ್ತು. ಅದರ ಮೇಲೆ ಗಮನ ಹಾಯುವ ದಾರಿ ಮಾತ್ರ ಮುಚ್ಚಿತ್ತು.

ಆರೋಗ್ಯವಂತ ಮಗುವಿಗೂ ಈ ರೋಗಕ್ಕೂ ಸಂಬಂಧವಿಲ್ಲ, ಯಾರೂ ಗಾಬರಿಯಾಗಬೇಕಿಲ್ಲ. ನಾನು ಈ ಉದಾಹರಣೆಗಳನ್ನು ಎತ್ತಿದ್ದು ಬೇರೊಂದು ಕಾರಣಕ್ಕೆ. ಗಮನಕ್ಕೆ ಮಿದುಳಿನಲ್ಲಿ ತನ್ನದೇ ಆದ ಏರ್ಪಾಡು ಇದೆ. ಕಣ್ಣು ಚೆನ್ನಾಗಿದ್ದರೆ ಸಾಲದು, ಬುದ್ಧಿ ಇದ್ದರೆ ಸಾಲದು, ಒಳ್ಳೆಯವನಾಗಿರಬೇಕು ಎಂಬ ಇಚ್ಛೆಯೂ ಸಾಲದು. ಹೀಗಿರುವಾಗ ‘ಗಮನ ಕೊಡು’ ಎಂದು ಗಟ್ಟಿಯಾಗಿ ಹೇಳಿದ ಮಾತ್ರಕ್ಕೆ ಅದು ಬಂದುಬಿಡಬೇಕು ಎಂದರೆ ಹೇಗೆ? ಗದರಿದಾಗ ಮಗುವಿನ ಗಮನ ಹೋಗುವುದು ಗದರಿದವರ ಮುಖದ ಮೇಲೆ, ಲೆಕ್ಕದ ಮೇಲಲ್ಲ.

ಹಾಗಾದರೆ ಗಮನವನ್ನು ಎಳೆಯುವುದು ಯಾವುದು? ಇಲ್ಲಿ ಹಂಬಲದ ಪ್ರಶ್ನೆ ಬರುತ್ತದೆ. 1954ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಓಲ್ಡ್ಸ್ ಮತ್ತು ಮಿಲ್ನರ್ ಎಂಬವರು ಇಲಿಗಳ ಮಿದುಳಿನ ಒಳಗೆ ತೆಳು ತಂತಿ ಇಟ್ಟು, ಇಲಿಯೇ ಲಿವರ್ ಒತ್ತಿಕೊಂಡು ಅಲ್ಲಿಗೆ ಚೂರು ವಿದ್ಯುತ್ತು ಹಾಯಿಸಿಕೊಳ್ಳುವಂತೆ ಮಾಡಿದರು. ಕೆಲವು ಜಾಗಗಳಲ್ಲಿ ತಂತಿ ಇದ್ದಾಗ ಇಲಿಗಳು ಗಂಟೆಗೆ ನೂರಾರು, ಸಾವಿರಾರು ಸಲ ಒತ್ತಿದವು. ಮಿದುಳಿನಲ್ಲಿ ಹಂಬಲಕ್ಕೂ ಒಂದು ಜಾಲವಿದೆ ಎಂದು ಲೋಕಕ್ಕೆ ತಿಳಿದದ್ದು ಹೀಗೆ.

ಆ ಕಥೆಯ ಮುಂದಿನ ಅಧ್ಯಾಯ ನಮ್ಮ ಬೆಂಗಳೂರಿನದು, ಅದು ನಮ್ಮವರಿಗೇ ಹೆಚ್ಚು ತಿಳಿದಿಲ್ಲ ಎಂಬ ಕೊರಗು ನನಗಿದೆ. ನಿಮ್ಹಾನ್ಸ್ ಸಂಸ್ಥೆಯಲ್ಲಿ ಬಿ. ಎಸ್. ಶಂಕರನಾರಾಯಣ ರಾವ್, ಟಿ. ದೇಸಿರಾಜು, ಟಿ. ಆರ್. ರಾಜು ಅವರು 1990ರ ದಶಕದಲ್ಲಿ ಇದೇ ಬಗೆಯ ಅನುಭವಕ್ಕೆ ಇಲಿಗಳನ್ನು ಒಡ್ಡಿ, ಆಮೇಲೆ ಅವುಗಳ ನರಕೋಶಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡಿದರು. ತಾವೇ ಬಯಸಿ ಒತ್ತಿದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪಿಗೆ ಬೇಕಾದ ಭಾಗದಲ್ಲಿ, ಮತ್ತು ಚಲನೆಯನ್ನು ನಡೆಸುವ ಭಾಗದಲ್ಲಿ ನರಕೋಶಗಳ ಕವಲುಗಳು ಹೆಚ್ಚಿದ್ದವು. ಅಲ್ಲಿನ ಮುಂದಿನ ಪ್ರಯೋಗಗಳಲ್ಲಿ ಇಂಥ ಇಲಿಗಳು ಹೊಸ ಕೆಲಸವನ್ನು, ಹೊಸ ದಾರಿಯನ್ನು ಉಳಿದವಕ್ಕಿಂತ ಬೇಗ ಕಲಿತವು. ಬಯಸಿ ಮಾಡಿದ್ದು ಮಿದುಳಿನ ಕಟ್ಟಡವನ್ನೇ ಬದಲಿಸಿತು ಎಂದಾಯಿತು. ಇಲಿಯಿಂದ ಮನುಷ್ಯರಿಗೆ ನೇರವಾಗಿ ಜಿಗಿಯಬಾರದು, ನಿಜ. ಆದರೂ ಪುಸ್ತಕದ ಮುಂದೆ ಅಳುತ್ತ ಕೂತ ಗಂಟೆಗಳನ್ನು ಓದಿನ ಲೆಕ್ಕಕ್ಕೆ ಸೇರಿಸುವವರು ಈ ಕೆಲಸದ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಹಂಬಲದ ಈ ಜಾಲದಲ್ಲಿ ಓಡಾಡುವ ರಾಸಾಯನಿಕ ಡೋಪಮೈನ್. ಪತ್ರಿಕೆಗಳಲ್ಲಿ ಅದನ್ನು ಸುಖದ ರಾಸಾಯನಿಕ ಎಂದು ಬರೆಯುತ್ತಾರೆ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಲ್ಲಿ ಕಂಡದ್ದು ಅಷ್ಟು ಸರಳವಾಗಿಲ್ಲ. ಕೋತಿಗೆ ಅಚಾನಕ್ಕಾಗಿ ಹಣ್ಣಿನ ರಸ ಸಿಕ್ಕಿದಾಗ ಡೋಪಮೈನ್ ಕೋಶಗಳು ಚುರುಕಾದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿ ಕಲಿತ ನಂತರ, ಕೋಶಗಳು ದೀಪಕ್ಕೆ ಚುರುಕಾದವು, ರಸಕ್ಕೆ ಸುಮ್ಮನಿದ್ದವು. ದೀಪ ಹತ್ತಿ ರಸ ಬಾರದೆ ಹೋದರೆ, ಬರಬೇಕಾಗಿದ್ದ ಗಳಿಗೆಯಲ್ಲೇ ಮಂಕಾದವು. ಎಂದರೆ ಈ ಕೋಶಗಳು ಅಳೆಯುವುದು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು. ಮುಂದೇನು ಎಂದು ಮೊದಲೇ ಪೂರ್ತಿ ತಿಳಿದಿರುವ ಪಾಠದಲ್ಲಿ ಅವಕ್ಕೆ ಕೆಲಸವಿಲ್ಲ.

ಚೆನ್ನೈನಲ್ಲಿ ಈ ಡೋಪಮೈನ್ ವಿಷಯವನ್ನು ಗಣಿತದ ಮಾದರಿಗಳಲ್ಲಿ ಹಿಡಿಯಲು ಹೊರಟವರು ಐಐಟಿ ಮದ್ರಾಸಿನ ಪ್ರಾಧ್ಯಾಪಕ ವಿ. ಶ್ರೀನಿವಾಸ ಚಕ್ರವರ್ತಿ. ಡೋಪಮೈನ್ ಕಡಿಮೆಯಾದರೆ ಬರುವುದು ಪಾರ್ಕಿನ್ಸನ್ ಕಾಯಿಲೆ. ಅದರಲ್ಲಿ ಕೆಲವರು ಸರಾಗವಾಗಿ ನಡೆಯುತ್ತಿದ್ದವರು ಕಿರಿದಾದ ಬಾಗಿಲ ಬಳಿ ಬಂದ ಕೂಡಲೇ ಕಾಲು ಕಚ್ಚಿಕೊಂಡು ನಿಂತುಬಿಡುತ್ತಾರೆ. ಹೀಗೇಕೆ ಎಂದು ಇವರ ತಂಡ ಕಂಪ್ಯೂಟರ್ ಮಾದರಿ ಕಟ್ಟಿ ನೋಡಿದೆ. ನೆಲದ ಮೇಲೆ ಅಡ್ಡಗೆರೆ ಎಳೆದು ತೋರಿಸಿದರೆ ಅದೇ ಕಾಲು ಗೆರೆ ದಾಟಿ ಮುಂದೆ ಹೋಗುವುದನ್ನು ವೈದ್ಯರು ಎಷ್ಟೋ ಕಾಲದಿಂದ ಬಲ್ಲರು. ಕಾಲಿನಲ್ಲಿ ಬಲ ಮೊದಲೂ ಇತ್ತು; ಗಮನಕ್ಕೆ ಹಿಡಿಯಲು ಒಂದು ಗೆರೆ ಬೇಕಾಗಿತ್ತು. ‘ಮಿದುಳಿನ ಗುಟ್ಟು ಬಿಡಿಸುವುದು’ ಎಂಬ ಅರ್ಥದ ಹೆಸರಿನಲ್ಲಿ ಚಕ್ರವರ್ತಿ ಅವರು ಒಂದು ಪುಸ್ತಕವನ್ನೂ ಬರೆದಿದ್ದಾರೆ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಮಿದುಳನ್ನು ಹತ್ತಿರ ತಂದ ಕೆಲಸವದು.

ಮತ್ತೆ ರಾಮಚಂದ್ರನ್ ಅವರಿಗೆ ಬರುತ್ತೇನೆ. 2003ರಲ್ಲಿ ಬಿಬಿಸಿಯ ರೀತ್ ಭಾಷಣಮಾಲೆಯಲ್ಲಿ ಅವರು ಐದು ಬಾನುಲಿ ಭಾಷಣ ಕೊಟ್ಟರು. ಮೂರನೆಯದು ಕಲೆ ಮತ್ತು ಮಿದುಳಿನ ಬಗ್ಗೆ. ಚೋಳರ ಕಾಲದ ಪಾರ್ವತಿಯ ಕಂಚಿನ ವಿಗ್ರಹವನ್ನು ಅವರು ಅದರಲ್ಲಿ ಮುಂದಿಡುತ್ತಾರೆ. ಚೆನ್ನೈನ ಎಳುಂಬೂರಿನ ಮ್ಯೂಸಿಯಮ್ಮಿಗೆ ಹೋದವರಿಗೆ ಅಂಥ ವಿಗ್ರಹಗಳ ನಿಲುವು ಗೊತ್ತು. ಅವರ ಒಂದು ಮಾತಿನ ಸಾರ ಹೀಗಿದೆ. ನಾಲ್ಕು ಗೆರೆಯ ಚಿತ್ರವೊಂದು ಎಲ್ಲ ವಿವರವೂ ಇರುವ ಬಣ್ಣದ ಫೋಟೋಗಿಂತ ಮನಸ್ಸಿಗೆ ನಾಟುವುದುಂಟು. ಏಕೆ? ಒಂದು ಗಳಿಗೆಯಲ್ಲಿ ಮಿದುಳು ಗಮನಿಸಬಲ್ಲದ್ದಕ್ಕೆ ಮಿತಿ ಇದೆ. ಬೇಡದ್ದನ್ನು ಕಲಾವಿದ ಮೊದಲೇ ತೆಗೆದುಹಾಕಿದ್ದರೆ ಗಮನವೆಲ್ಲ ಬೇಕಾದ ಗೆರೆಗೇ ಸಲ್ಲುತ್ತದೆ. ಇನ್ನೊಂದು ಮಾತು ಅದಕ್ಕಿಂತ ಮುಖ್ಯ. ಪೂರ್ತಿ ತೆರೆದಿಟ್ಟದ್ದಕ್ಕಿಂತ ಅರೆ ಮರೆಯಲ್ಲಿರುವುದು ನಮ್ಮನ್ನು ಹೆಚ್ಚು ಸೆಳೆಯುತ್ತದೆ. ಗೊಂದಲದೊಳಗಿಂದ ಆಕಾರವನ್ನು ಹುಡುಕುತ್ತ ಹೋಗುವಾಗ ಪ್ರತಿ ಸಣ್ಣ ಗೆಲುವಿಗೂ ಮಿದುಳು ತನಗೆ ತಾನೇ ಒಂದು ಸಣ್ಣ ಬಹುಮಾನ ಕೊಟ್ಟುಕೊಳ್ಳುತ್ತದೆ ಎಂಬುದು ಅವರ ವಿವರಣೆ. ಪಾಠದ ಮೊದಲ ನಿಮಿಷದಲ್ಲೇ ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಉಳಿದ ಹೊತ್ತೆಲ್ಲ ಅದನ್ನೇ ಬರೆಸುವ ನಮ್ಮ ಟ್ಯೂಷನ್ ಮನೆಗಳು ಮಕ್ಕಳ ಕೈಯಿಂದ ಈ ಬಹುಮಾನವನ್ನು ಕಿತ್ತುಕೊಳ್ಳುತ್ತಿವೆ.

ಬಾನುಲಿ ಭಾಷಣದ ಮಾತು ಬಂದದ್ದರಿಂದ ಒಂದು ನೆನಪು: ಮನಃಶಾಸ್ತ್ರದ ಪ್ರಾಧ್ಯಾಪಕರಿಗೂ ಬಾನುಲಿಗೂ ಕನ್ನಡದಲ್ಲಿ ಹಳೆಯ ನಂಟು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರ ಯಂತ್ರ ಹೂಡಿ ‘ಆಕಾಶವಾಣಿ’ಯನ್ನು ಶುರುಮಾಡಿದ ಎಂ. ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ತರಬೇತಾಗಿ ಬಂದವರು. ಎದುರಿಗೆ ಕಾಣದ ಕೇಳುಗನ ಗಮನವನ್ನು ಹಿಡಿದು ನಿಲ್ಲಿಸುವ ಸವಾಲು ಅವರ ಶಾಸ್ತ್ರಕ್ಕೆ ಎಷ್ಟು ಹತ್ತಿರದ್ದಾಗಿತ್ತು ಎಂದು ಮೈಕಿನ ಮುಂದೆ ಕೂತಾಗಲೆಲ್ಲ ನನಗೆ ಹೊಳೆಯುತ್ತದೆ.

ಬಹುಮಾನದ ಮಾತಿಗೆ ಮರಳುತ್ತೇನೆ. ಹೊರಗಿನಿಂದ ಕೊಡುವ ಬಹುಮಾನದ ವಿಷಯದಲ್ಲಿ ತಂದೆತಾಯಿಗೆ ಒಂದು ಎಚ್ಚರ ಹೇಳಬೇಕು. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಶಿಶುವಿಹಾರದಲ್ಲಿ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದೆಂದರೆ ಪ್ರಾಣವಾಗಿದ್ದ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಕೆಲವು ದಿನ ಬಿಟ್ಟು, ಯಾವ ಬಹುಮಾನವೂ ಇಲ್ಲದೆ ಪೆನ್ನುಗಳನ್ನು ಮಕ್ಕಳ ನಡುವೆ ಇಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ್ದ ಗುಂಪಿನವರು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅದರಲ್ಲಿ ಕಳೆದರು. ಆಟವಾಗಿದ್ದದ್ದು ಕೂಲಿಯಾಗಿತ್ತು. ಮೊದಲ ರ‍್ಯಾಂಕ್ ಬಂದರೆ ಸೈಕಲ್, ನೀಟ್‌ನಲ್ಲಿ ಪಾಸಾದರೆ ಮೊಬೈಲ್ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಇಷ್ಟವಿಲ್ಲದ ಕೆಲಸಕ್ಕೆ ಒಮ್ಮೊಮ್ಮೆ ಅದು ಒದಗಬಹುದು. ಮಗು ತಾನಾಗಿ ಇಷ್ಟಪಟ್ಟದ್ದಕ್ಕೆ ಬೆಲೆ ಕಟ್ಟಲು ಹೋಗಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಗಮನವನ್ನು ಹುಟ್ಟಿಸುವ ಇನ್ನೊಂದು ದಾರಿ ಮೌನ. ಮಾರ್ಗಳಿಯಲ್ಲಿ ಚೆನ್ನೈನ ಸಂಗೀತ ಸಭಾಗಳಿಗೆ ಹೋದವರು ಕಂಡಿರುತ್ತೀರಿ. ತನಿಯಾವರ್ತನೆಯಲ್ಲಿ ಮೃದಂಗದವರು ಎರಡು ನುಡಿಗಳ ನಡುವೆ ಕೈ ತಡೆದಾಗ ಇಡೀ ಸಾಲಿನ ಜನ ತೊಡೆಯ ಮೇಲಿನ ತಾಳವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಕಾಫಿಗೆ ಎದ್ದವರೂ ಬಾಗಿಲಲ್ಲಿ ನಿಲ್ಲುತ್ತಾರೆ. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಮನದ ಮೇಲೆ ಸಂಶೋಧನೆ ಮಾಡುತ್ತಿರುವ ಶ್ರೀಧರನ್ ದೇವರಾಜನ್ ಸ್ಟ್ಯಾನ್‌ಫೋರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ, 2007ರಲ್ಲಿ, ಸಂಗಡಿಗರೊಂದಿಗೆ ಪ್ರಕಟಿಸಿದ ಕೆಲಸ ಇದಕ್ಕೆ ಹತ್ತಿರದ್ದು. ಅಲ್ಲಿ ಕೇಳಿಸಿದ್ದು ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಂಗೀತಗಾರ ವಿಲಿಯಂ ಬಾಯ್ಸ್‌ನ ಸಿಂಫನಿಗಳನ್ನು. ಕೇಳುವವರು ಸ್ಕ್ಯಾನರಿನೊಳಗೆ ಮಲಗಿದ್ದರು. ಅವರ ಮಿದುಳಿನ ಗಮನದ ಜಾಲಗಳು ಎಲ್ಲಕ್ಕಿಂತ ಹೆಚ್ಚು ಚುರುಕಾದದ್ದು ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವಿನ ಚಿಕ್ಕ ವಿರಾಮದಲ್ಲಿ, ಏನೂ ಕೇಳಿಸದಿದ್ದಾಗ. ಮೊದಲು ಒಂದು ಜಾಲ ಏನೋ ಮುಗಿಯಿತು ಎಂದು ಗುರುತಿಸಿತು, ಅದರ ಬೆನ್ನಿಗೇ ಇನ್ನೊಂದು ಮುಂದೆ ಬರುವುದಕ್ಕೆ ಅಣಿಯಾಯಿತು.

ತರಗತಿಯಲ್ಲಿ ನಾವು ಈ ವಿರಾಮಕ್ಕೆ ಅಂಜುತ್ತೇವೆ. ಪ್ರಶ್ನೆ ಹಾಕುತ್ತೇವೆ, ಉತ್ತರ ಬರದಿದ್ದರೆ ನಾವೇ ಹೇಳಿಬಿಡುತ್ತೇವೆ. ಅಮೆರಿಕದ ಮೇರಿ ಬಡ್ ರೋ ಎಂಬ ಅಧ್ಯಾಪಕಿ 1970ರ ದಶಕದಲ್ಲಿ ವಿಜ್ಞಾನದ ಪಾಠಗಳನ್ನು ಟೇಪಿನಲ್ಲಿ ಹಿಡಿದು, ಮೇಷ್ಟರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದರು. ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ, ಅಥವಾ ಅದಕ್ಕಿಂತ ತುಸು ಹೆಚ್ಚಿಗೆ, ಏರಿಸಲು ಅದೇ ಮೇಷ್ಟರುಗಳಿಗೆ ತರಬೇತಿ ಕೊಟ್ಟರು. ಮಕ್ಕಳ ಉತ್ತರ ಉದ್ದವಾಯಿತು. ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು. ಮಕ್ಕಳೇ ತಿರುಗಿ ಪ್ರಶ್ನೆ ಕೇಳತೊಡಗಿದರು. ಕಲಿಕೆಯಲ್ಲಿ ಹಿಂದೆ ಎಂದು ಮೇಷ್ಟರು ಗೆರೆ ಎಳೆದಿದ್ದ ಮಕ್ಕಳೂ ಮಾತಾಡಿದರು; ಅವರ ಬಗ್ಗೆ ಮೇಷ್ಟರಿಗಿದ್ದ ಅಭಿಪ್ರಾಯ ಬದಲಾಯಿತು.